ಅಪರಾಧದ ಕಾಲಂ

ಪಾಂಡವಪುರದಲ್ಲಿ, ರಾಗಿ ಖರೀದಿಯ ಖಾಲಿ ಚೀಲ ಒಟ್ಟಿರುವ
ಆ ಮೂರಂಕಣದ ಕಲ್ಲುಕೊಠಡಿ ಹಿಂದೆ ಜೈಲಂತೆ,
ಊರನ್ನು ಹಿರೋಡೆ ಅನ್ನುತ್ತಿದ್ದ ಕಾಲಕ್ಕೆ.
ಹೇಳಿದವನು ಚೀಲ ಎಣಿಸುವ ರಾಚಪ್ಪಾಜಿ;
ನಾನು ನಂಬಿದ್ದು ಕಿಟಕಿ ಇಲ್ಲದ್ದಕ್ಕೆ.

ಹಳೇ ದಫ್ತರ ವಿಂಗಡಿಸಿ, ಸುಡುವುದರ ಪಟ್ಟಿ ಮಾಡು
ಎಂದಿದ್ದರು ಶಿರಸ್ತೇದಾರರು.
ಎಂಟನೇ ಕಟ್ಟಿನಲ್ಲಿ ಸಿಕ್ಕಿತು ಕೈದಿಗಳ ಪುಸ್ತಕ.
ಹೆಸರಿದೆ, ತಂದೆ ಹೆಸರಿದೆ. ದಿನಕ್ಕೆಷ್ಟು ರಾಗಿ, ಎಷ್ಟು ಹುರುಳಿ,
ಉಪ್ಪೆಷ್ಟು, ಎಲ್ಲ ಇದೆ ದುಂಡು ಅಕ್ಷರದಲ್ಲಿ.
ಅಪರಾಧದ ಕಾಲಂ ಮಾತ್ರ
ಮೇಲಿಂದ ಕೆಳಗೆ ನೆಟ್ಟಗೆ ತಿಂದಿದೆ ಗೆದ್ದಲು,
ಗೀಟು ದಾಟದೆ, ಓದು ಬರುವವರ ಹಾಗೆ.

ಮಧ್ಯಾಹ್ನದ ಊಟವಾದ ಮೇಲೆ
ನಾನೇ ತುಂಬತೊಡಗಿದೆ.

ಪುಟ್ಟಬೋರ ಬಿನ್ ಕುಳ್ಳನಿಂಗ: ರಾತ್ರಿ ಕೆರೆಯ ತೂಬೆತ್ತಿದ.
ನೀರು ಹರಿದದ್ದು ಅವನ ಗದ್ದೆಗಲ್ಲ, ಅತ್ತೆಯ ಗದ್ದೆಗೆ;
ಅದನ್ನವನು ಅಮಲ್ದಾರರಿಗೆ ಹೇಳಲಿಲ್ಲ. ಮಾನದ ಪ್ರಶ್ನೆ.

ಬುಡನ್ ಸಾಬಿ, ಕಲಾಯಿಯವನು:
ಸವಕಲು ದುಡ್ಡಿಗೂ ಕಲಾಯಿ ಹಾಕಿದ.

ಜವನೇಗೌಡ ಬಿನ್ ದೊಡ್ಡಜವನೇಗೌಡ: ಇವನು ಜವನೇಗೌಡನೇ ಅಲ್ಲ.
ಗೌಡರ ಬದಲಿಗೆ ಬಂದು ಕೂತ ಆಳು.
ಬೆಳಿಗ್ಗೆ ಹಾಜರಿ ಕೂಗಿದರೆ ಓಗೊಡಲು ಮರೆಯುತ್ತಾನೆ,
ಪಕ್ಕದವನು ತಿವಿದ ಮೇಲೆ 'ಇದೀನಿ ಬುದ್ದೀ' ಅನ್ನುತ್ತಾನೆ,
ಜೀವಮಾನದಲ್ಲಿ ಮೊದಲ ಸಲ ತಾನೇ ಗೌಡನಾಗಿ.
ಬಿಡುಗಡೆಯ ದಿನ ಅತ್ತ ಅಂತಲೂ ಬರೆದೆ,
ಹೊಡೆದುಹಾಕಿದೆ.

ಸಣ್ಣತಾಯಿ. ಗಂಡನ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ.
ರಾಗಿ ಮುಕ್ಕಾಲು ಸೇರು;
ಪಕ್ಕದಲ್ಲೇ, ಬೇರೆ ಶಾಯಿಯಲ್ಲಿ, ಹಾಲು ಅರ್ಧ ಪಾವು.
ಇಪ್ಪತ್ತಾರು ದಿನ ಹಾಲು.
ಇಪ್ಪತ್ತೇಳಕ್ಕೆ ಇಲ್ಲ.
ಇಲ್ಲಿ ನಾನೇನೂ ತುಂಬಲಿಲ್ಲ,
ಎದ್ದು ಹೋಗಿ ನೀರು ಕುಡಿದು ಬಂದೆ.

ಕೊನೆಯವನು ಕೆಂಚ. ಉಪ್ಪಿನೆದುರು ಹನ್ನೊಂದು ದಿನ ಸೊನ್ನೆ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ;
ಉಪ್ಪನ್ನೇ ಕೊಡದೆ ಇವನಿಗೆ ಏನು ಕುಡಿಸಿದರೋ.
ಆಗ ಹೊಳೆಯಿತು, ನಾನು ಹಂಚಿದ ತಪ್ಪುಗಳೆಲ್ಲ ಬಲು ಸಣ್ಣವು,
ಮಾಡಿದವರನ್ನು ನಮ್ಮ ಜಗುಲಿಯಲ್ಲಿ ಕೂರಿಸಿ
ಮಜ್ಜಿಗೆ ಕೊಡಬಹುದಾದಂಥವು.
ಕೆಂಚ ಕೊಂದಿದ್ದರೆ? ಮಚ್ಚಿನಲ್ಲಿ, ಮಲಗಿದ್ದವನನ್ನು?
ಆಗಲೂ ಹನ್ನೊಂದು ದಿನ
ಅವನ ಮುದ್ದೆ ಸಪ್ಪೆಯೇ.

ಐದೂವರೆಗೆ ರಾಚಪ್ಪಾಜಿ ಬೀಗ ಹಿಡಿದು ಬಂದ.
'ಏನವ್ವ ಇದು, ಸುಡೋದಾ, ಮಡಗೋದಾ?'
ಪಟ್ಟಿಯಲ್ಲಿ ಎಂಟನೇ ಕಟ್ಟಿನ ಮುಂದೆ ಬರೆದೆ:
ಪರಿಶೀಲನೆ ಬಾಕಿ.
ಪುಸ್ತಕವನ್ನು ಚೀಲಗಳ ಮೇಲಿಟ್ಟೆ,
ಗೆದ್ದಲಿಗೆ ಎಟುಕದು ಅಂದುಕೊಂಡು.
ಅವನು ಅಗುಳಿ ಜಡಿದ. ಹೊರಗಿನಿಂದ ಮಾತ್ರ ಜಡಿಯುವ ಅಗುಳಿ.

ರಾತ್ರಿ ಉಪ್ಸಾರು ಬಾಯಿಗಿಟ್ಟು
ಮನೆಯಲ್ಲಿ ಎಲ್ಲರೂ ಅಂದರು,
ಉಪ್ಪು ಮುಂದಾಗಿದೆ.