ಜೋಡುನಳಿಗೆ

ಚುನಾವಣೆ ಬಂದಾಗಲೆಲ್ಲ ಶಿರ್ವ ಠಾಣೆಯಲ್ಲಿ
ಕೋವಿ ಇಟ್ಟು ಬರುವುದಿತ್ತು, ರಶೀದಿ ಹಿಡಿದು.
ಆ ಸಲ ಬಿಡಿಸಿಕೊಂಡವನು ಮನೆಗೆ ತರಲಿಲ್ಲ,
ಹೆಬ್ರಿಯ ದೇಜು ಪೂಜಾರಿಗೆ ಕೊಟ್ಟೆ:
ಹನ್ನೊಂದು ಸಾವಿರ, ಮೇಲೊಂದು ಹಲಸು.

ಹೊಡೆದದ್ದೇನು ಅದರಲ್ಲಿ? ಒಂದು ಹಂದಿ,
ಅದೂ ಕುಂಟುತ್ತ ಹೊಳೆ ದಾಟಿ ಹೋಯಿತು.
ಬೆನ್ನು ಹತ್ತಲಿಲ್ಲ ನಾನು. ಸೆವ್ರಿನ್ ಬೈದಳು,
ಅರೆದಿಟ್ಟ ಮಸಾಲೆಯೆಲ್ಲ ದಂಡವೆಂದು.

ಹಂಪನಕಟ್ಟೆಯ ಅಂಗಡಿಯಲ್ಲಿ ಇನ್ನೊಂದಿತ್ತು,
ಬೀಟೆ ಮರದ ಹಿಡಿ, ಕೆನ್ನೆಗೆ ತಾಗಿಸಿ ನೋಡಿದ್ದೆ.
ನಾಳೆ ಬರುತ್ತೇನೆ ಎಂದಿದ್ದೆ.

ಈಗ ಗೋಡೆಯ ಎರಡು ಗೂಟಗಳ ಮೇಲೆ
ಗಾಳದ ಕೋಲು ಮಲಗಿದೆ.
ಮರಗೆಣಸು ಅಗೆಯುವ ಸದ್ದಿಗೆ ಎದ್ದು ಕೂತರೆ
ಕೈ ತೆಂಗಿನೆಣ್ಣೆಯ ಚಿಂದಿ ಹುಡುಕುತ್ತದೆ;
ಬಲಭುಜ ತುಸು ಹಿಂದೆ ಸರಿದು
ಬಾರದ ಪೆಟ್ಟಿಗೆ ಜಾಗ ಬಿಡುತ್ತದೆ.