ತಲೆ ಎಣಿಸುವ ಕೆಲಸ

ಹೆಕ್ಸಮ್ಮಿನಿಂದ ಗುಡ್ಡದ ತುದಿಗೆ ದಿನಕ್ಕೆ ಮೂರು ಬಸ್ಸು.
ಕೌನ್ಸಿಲ್ಲು ಕೊಟ್ಟ ರಟ್ಟು ತೊಡೆಯ ಮೇಲಿಟ್ಟು
ಒಂದು ವಾರ ತಲೆ ಎಣಿಸಿದೆ.

ಸೋಮವಾರ ನಾಲ್ಕು.
ಮಂಗಳವಾರ ಮೂರು; ಒಂದು ಕುರಿನಾಯಿ, ಆಮೇಲೆ ಹೊಡೆದುಹಾಕಿದೆ.
ಬುಧವಾರ ಡ್ರೈವರ್ ಕೆಲ್ವಿನ್, ನಾನು,
ಗಾಜು ಒರೆಸುವ ಕಡ್ಡಿಯ ಕಿರ್ರೋ ಕಿರ್ರೋ.
ನನ್ನನ್ನು ಎಣಿಸುವಂತಿಲ್ಲ, ನಿಯಮ.

ಗುರುವಾರ ಚರ್ಚಿನ ತಿರುವಿನಲ್ಲಿ
ಮ್ಯೂರಿಯಲ್ ಡಾಡ್, ಎಂಬತ್ತೊಂದು,
ಕೋಟಿನ ಗುಂಡಿಯೆಲ್ಲ ಹಾಕಿಕೊಂಡು ನಿಂತಿದ್ದರು.
ಬಾಗಿಲು ತೆರೆಯಿತು. ಹತ್ತಲಿಲ್ಲ.
"ಇವತ್ತೇನೂ ಕೆಲಸವಿಲ್ಲ. ಬರುತ್ತೀರೋ ಇಲ್ಲವೋ
ನೋಡಿದೆ, ಅಷ್ಟೆ."
ಕೆಲ್ವಿನ್ ತಲೆದೂಗಿ ಬಾಗಿಲು ಮುಚ್ಚಿದ.
ಪೆನ್ಸಿಲ್ ಹಿಡಿದು ಕೂತೆ:
ಇವರಿಗೆ ಯಾವ ಕಾಲಂ?

ಸಭೆಯಲ್ಲಿ, ತಲೆಗೆ ಹದಿನೇಳು ಪೌಂಡ್ ನಷ್ಟವೆಂದರು.
ಸುಳ್ಳಲ್ಲ, ನನ್ನದೇ ಅಂಕಿ.
ಟ್ಯಾಕ್ಸಿಯೇ ಅಗ್ಗವೆಂದಳು ಒಬ್ಬಳು. ಅದೂ ಸುಳ್ಳಲ್ಲ.
ಚಾರ್ಲ್ಟನ್ ಎದ್ದ, ಬೂಟಿನಲ್ಲಿ ಇನ್ನೂ ಹೊಲದ ಕೆಸರು:
"ಒಂದು ದಿನವೂ ಹತ್ತಿದವನಲ್ಲ. ನನ್ನ ದುಡ್ಡು ಯಾಕೆ?"
ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ
ಅನ್ನಹೋದೆ; ಇಂಗ್ಲಿಷಿಗೆ ಬರುವಷ್ಟರಲ್ಲಿ
ಅದು ಬರೀ ಹುಲ್ಲಾಗಿತ್ತು.
ಅವನಿಗೆ ಹುಲ್ಲಿನ ರೇಟು ಗೊತ್ತು.

ದೀಪದ ಕಂಬವನ್ನು ಯಾರೂ ಕೇಳುವುದಿಲ್ಲ
ನಿನ್ನೆ ರಾತ್ರಿ ಎಷ್ಟು ಜನ ಹಾದರೆಂದು.
ಕೇಳುವ ಕಾಲವೂ ಬಂದೀತು,
ಅಲ್ಲಿಗೂ ನನ್ನನ್ನೇ ಕಳಿಸಿಯಾರು.

ರಟ್ಟು ಒಪ್ಪಿಸುವ ಮೊದಲು
'ಇತರೆ' ಎಂಬ ಖಾಲಿ ಸಾಲಿನಲ್ಲಿ
ಗುರುವಾರದ ಎದುರು ಬರೆದಿದ್ದೆ,
ಸಭೆಯಲ್ಲಿ ಯಾರೂ ಅದನ್ನು ಓದಲಿಲ್ಲ:

ಬಸ್ಸು ಬಂತು. ಒಬ್ಬರು ನೋಡಿದರು.