ನಲವತ್ತೊಂದನೆಯ ತೂತು

ಮೂಂಟಾ ಊರಿನ ಲೈಬ್ರರಿ ಹಿಂಬಾಗಿಲಲ್ಲಿ
ರದ್ದಿಗಿಟ್ಟ ಪೆಟ್ಟಿಗೆಯಿಂದ, ಐವತ್ತು ಸೆಂಟಿಗೆ,
ಒಂದು ಕಾದಂಬರಿ ಕೊಂಡೆ.
ಬೆನ್ನು ಬಿಟ್ಟಿದೆ. ಅಂಚನ್ನು ತಿಂದದ್ದು ಗೆದ್ದಲಲ್ಲ, ಬಿಸಿಲು.
ಬರೆದವರು: ಟಿ. ಪೆಂಗೆಲಿ.
"ಅವನಲ್ಲ, ಅವಳು," ಅಂದಳು ಮೇಜಿನಾಕೆ ಚಿಲ್ಲರೆ ಎಣಿಸುತ್ತ,
"ಥರ್ಜಾ. ಎಕ್ಸ್‌ಚೇಂಜಿನಲ್ಲಿದ್ದಳು.
ನಮ್ಮಜ್ಜಿ ಅವಳ ಜೊತೆ ಮಾತು ಬಿಟ್ಟಿದ್ದಳು."

ತಾಮ್ರದ ಗಣಿ ಮುಚ್ಚಿದ ವರ್ಷ ಹನ್ನೆರಡು ಅವಳಿಗೆ.
ಅಪ್ಪ ಟೊಪ್ಪಿಗೆಯನ್ನು ಮೊಳೆಗೆ ಸಿಕ್ಕಿಸಿದ,
ಮತ್ತೆ ಇಳಿಸಲಿಲ್ಲ.
ಅಗೆದವರು ಹೋದರು, ಅಗೆದ ಮಣ್ಣು
ಊರಾಚೆ ಕೆಂಪಗೆ ಹಾಗೇ ಬಿದ್ದಿದೆ, ಇವತ್ತಿಗೂ.

ಹದಿನಾರಕ್ಕೆ ಕಿವಿಗೆ ಹೆಡ್‌ಫೋನು. ಎದುರಿಗೆ ಅರವತ್ತು ತೂತಿನ ಹಲಗೆ.
ಊರು ಇಡೀ ಅವಳ ಎಡಗಿವಿಯಲ್ಲೇ ಹಾಯಬೇಕು:
ಗೋಧಿಯ ಬೆಲೆ, ಮೊದಲ ಹೆರಿಗೆಯ ನೋವು,
ಚಾಪೆಲ್ಲಿನ ಲೆಕ್ಕಕ್ಕೆ ಕಡಿಮೆ ಬಿದ್ದ ಹನ್ನೊಂದು ಪೌಂಡು,
ಎರಡೂ ಕಡೆ ಯಾರೂ ಮಾತಾಡದೆ
ಬರೀ ಉಸಿರು ದಾಟುವ ಮೂರು ನಿಮಿಷ.
ಕಿವಿಗೆ ಬಿದ್ದದ್ದನ್ನು ಬಾಯಿಗೆ ತರಬಾರದು ಎಂದು ನಿಯಮ.
ತರಲಿಲ್ಲ ಅವಳು.
ಕೈಗೆ ತಂದಳು.

ರಾತ್ರಿ ಪಾಳಿಯಲ್ಲಿ, ಟ್ರಂಕ್‌ಕಾಲ್ ಚೀಟಿಗಳ ಬೆನ್ನ ಮೇಲೆ,
ತಂತಿಗಳು ನಿದ್ದೆಹೋದ ಮೇಲೆ.

ಹಡಗಿನಲ್ಲಿ ಲಂಡನ್ನಿಗೆ ಹೋಯಿತು ಕಟ್ಟು.
ಹೆಂಗಸಿನ ಹೆಸರು ಬೇಡ, ಅಕ್ಷರವೊಂದೇ ಸಾಕು ಎಂದರು ಅಲ್ಲಿ.
ಜುಲೈಯಲ್ಲಿ ಚಳಿಯೇ? ಛೆ, ಎಂದು ತಿದ್ದಿ ಡಿಸೆಂಬರ್ ಮಾಡಿದರು.
ಅಚ್ಚಾದ ಪುಸ್ತಕದಲ್ಲಿ
ಮೂಂಟಾದ ಮೇಲೆ ಹಿಮ ಬೀಳದೇ ಹೋದದ್ದು ಪುಣ್ಯ.
ಬಂದ ದುಡ್ಡಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಗಾರೆ ಹಾಕಿಸಿದಳು,
ತಂಗಿ ಲವ್‌ಡೇಗೆ ಒಂದು ಜೊತೆ ಬೂಟು.

ಮೂರನೆಯ ಕಾದಂಬರಿಗೆ ಊರು ತನ್ನ ಮುಖ ನೋಡಿಕೊಂಡಿತು.
ಲೈಬ್ರರಿಯಲ್ಲಿ ಅದು ಕಪಾಟಿನಿಂದಿಳಿದು ಮೇಜಿನ ಅಡಿಗೆ ಹೋಯಿತು,
ಹಾಗಾಗಿ ಎಲ್ಲರೂ ಓದಿದರು.
ಬೇಕರಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ.
ಪ್ರಾರ್ಥನೆಯ ಬೆಂಚಿನಲ್ಲಿ ಅವಳ ಎರಡೂ ಪಕ್ಕ ಖಾಲಿ.
ಆದರೆ ಫೋನು ಮಾಡಬೇಕಲ್ಲ!
ಮಾತು ಬಿಟ್ಟವರೂ ನಂಬರು ಹೇಳಲೇಬೇಕಿತ್ತು.
ದಿನಕ್ಕೆ ಎಷ್ಟು ಸಲವೋ, ಅವಳೊಬ್ಬಳಿಗೇ.

ಹೀಗೆ ಇನ್ನೆರಡು ಬರೆದಳು.

ಆಮೇಲೆ ತಾನೇ ಜೋಡಿಸಿಕೊಳ್ಳುವ ಯಂತ್ರ ಬಂತು.
ಒಂದು ಗಡಿಯಾರ ಕೊಟ್ಟು ಕಳಿಸಿದರು.
ಅಡಿಲೇಡಿನಿಂದ ಪತ್ರಿಕೆಯ ಹುಡುಗ ಬಂದು,
ಯಾಕೆ ನಿಲ್ಲಿಸಿದಿರಿ ಎಂದದ್ದಕ್ಕೆ ಹೇಳಿದ್ದು ಇಷ್ಟು:
"ಈಗ ಯಾರೂ ನನ್ನನ್ನು ಕೇಳಿ ಮಾತಾಡುವುದಿಲ್ಲ."
ಕೇಳು ಎಂಬ ಒಂದೇ ಪದದಲ್ಲಿ
ಕಿವಿಯನ್ನೂ ಬಾಯನ್ನೂ ಇಟ್ಟ ನುಡಿ ನನ್ನದು.
ಅವಳ ಇಂಗ್ಲಿಷಿನಲ್ಲಿ
ಎರಡರಲ್ಲಿ ಯಾವುದನ್ನು ಆರಿಸಿಕೊಂಡಳೋ, ಆ ಹುಡುಗ ಬರೆದಿಟ್ಟಿಲ್ಲ.

ನನ್ನ ಪ್ರತಿಯ ತುಂಬ ಯಾರದೋ ಪೆನ್ಸಿಲು.
ಪುಟ ಹದಿನೇಳು: ಇವಳು ಟ್ರೆಜೈಸನ ಹೆಂಡತಿ.
ಅರವತ್ತು: ಕುದುರೆಯ ಬಣ್ಣ ತಪ್ಪು.
ತೊಂಬತ್ತನಾಲ್ಕು: ಸುಳ್ಳಿ.
ಇನ್ನೂರ ಹನ್ನೆರಡರಲ್ಲಿ ಒಬ್ಬಳು ನಡುರಾತ್ರಿ ಫೋನೆತ್ತಿ
ನಂಬರು ಹೇಳದೆ ನಿಲ್ಲುತ್ತಾಳೆ.
ಯಾವ ನಂಬರೆಂದು ಎಕ್ಸ್‌ಚೇಂಜಿನ ಹುಡುಗಿ ಕೇಳುವುದಿಲ್ಲ,
ತಂತಿ ಎಳೆಯುವುದೂ ಇಲ್ಲ,
ಸುಮ್ಮನೆ ಜೊತೆಗಿರುತ್ತಾಳೆ, ಹಾಲಿನ ಗಾಡಿ ಬರುವವರೆಗೆ.
ಅಂಚಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ:
ಇದು ನಾನಲ್ಲ.

ಹಳೆಯ ಶಾಲೆಯಲ್ಲೀಗ ಮ್ಯೂಸಿಯಂ. ಆ ಹಲಗೆ ಅಲ್ಲಿದೆ.
ಮುಟ್ಟಬಾರದು. ಬಗ್ಗಿ ನೋಡಿದೆ.
ಉಳಿದೆಲ್ಲಕ್ಕಿಂತ ಒಂದರ ಹಿತ್ತಾಳೆ ಬಳೆ ಹೆಚ್ಚು ಸವೆದಿತ್ತು.
ನಲವತ್ತೊಂದು. ಯಾರ ಮನೆ ಅದು, ಎಂದೆ.
ಕಾವಲಿನ ಮುದುಕ ಹಳೆಯ ಪಟ್ಟಿ ತೆಗೆದು, ಬೆರಳಿಟ್ಟು ಇಳಿಸಿ,
ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿ,
ಮಡಚಿ ಒಳಗಿಟ್ಟ.
"ಐದಕ್ಕೆ ಮುಚ್ಚುತ್ತೇವೆ," ಅಂದ.